ಹೊಡೆದ ಎಣ್ಣೆ ಎಲ್ಲಿಗೆ ಹೋಗುತ್ತದೆ?

ಹಿಂಗಾರಿ ಜೋಳ ಮೊಣಕಾಲೆತ್ತರ ಬಂದಿತ್ತು. ವಿಜಯಪುರ ಜಿಲ್ಲೆಯ ತಿಕೋಟಾದ ಆಚೆ ನಮ್ಮ ಕಾಕಾನ ಹೊಲದ ಬದುವಿನ ಮೇಲೆ ಕುಳಿತು ಬುತ್ತಿ ಬಿಚ್ಚಿದ್ದೆವು. ಕಟಕ ರೊಟ್ಟಿ, ಪುಂಡಿ ಪಲ್ಲೆ, ಶೇಂಗಾ ಹಿಂಡಿ, ಜಜ್ಜಿದ ಉಳ್ಳಾಗಡ್ಡಿ, ಜೊತೆಗೆ ಆಗಷ್ಟೇ ಕಿತ್ತು ತೊಳೆದ ಹಸಿ ಮೆಂತೆ. ಕಾಕಾ ಬೆಳಿಗ್ಗೆಯೇ ದ್ರಾಕ್ಷಿ ತೋಟಕ್ಕೆ ಎಣ್ಣೆ ಹೊಡೆದು ಮುಗಿಸಿ, ಸೋಪು ಹಚ್ಚಿ ಎರಡೆರಡು ಸಲ ಕೈ ತೊಳೆದುಕೊಂಡು ಬಂದಿದ್ದರು. ನಮ್ಮ ಕಡೆ ಕೀಟನಾಶಕ ಯಾವುದೇ ಇರಲಿ, ಅದಕ್ಕೆ 'ಎಣ್ಣೆ' ಎಂದೇ ಹೆಸರು. ನೀರಿನಂತಿದ್ದರೂ ಎಣ್ಣೆ, ಪುಡಿಯಾಗಿದ್ದರೂ ಎಣ್ಣೆ.

ರೊಟ್ಟಿ ಮುರಿಯುತ್ತಾ ಕಾಕಾ ಕೇಳಿದರು: "ತಮ್ಮಾ, ನೀನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೀಯಲ್ಲ, ಒಂದು ಮಾತು ಹೇಳು. ಇಪ್ಪತ್ತು ವರ್ಷದಿಂದ ಈ ತೋಟಕ್ಕೆ ಹೊಡೆಯುತ್ತಾ ಬಂದಿದ್ದೇನೆ. ಅಷ್ಟೂ ಎಣ್ಣೆ ಈ ನೆಲದಲ್ಲೇ ಕುಳಿತಿದೆಯೋ, ಎಲ್ಲಿಗಾದರೂ ಹೋಗಿದೆಯೋ?"

"ಅರ್ಧ ಉತ್ತರ ನಿಮ್ಮ ಕೈಯಲ್ಲಿರುವ ಮೆಂತೆಯಲ್ಲೇ ಇದೆ ಕಾಕಾ" ಎಂದೆ.

ಕಾಕಾ ಮೆಂತೆಯನ್ನು ಮೆಲ್ಲಗೆ ಬಟ್ಟೆಯ ಅಂಚಿಗೆ ಇಟ್ಟು ಅದನ್ನೇ ಅನುಮಾನದಿಂದ ನೋಡತೊಡಗಿದರು. ಮೆಂತೆಯ ಮೇಲೂ ಎಣ್ಣೆ ಬಿದ್ದಿದೆ ಎಂದು ನಾನು ಹೇಳಿದೆನೆಂದು ಅವರು ತಿಳಿದಿದ್ದರು. ನಾನು ಹೇಳಹೊರಟದ್ದು ಬೇರೆ. ಅಂದು ಬದುವಿನ ಮೇಲೆ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ.

ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಬೆಂಜೀನ್ ನೆನಪಿರುತ್ತದೆ. ಆರು ಇಂಗಾಲಗಳು ಕೈ ಕೈ ಹಿಡಿದು ನಿಂತ ಉಂಗುರ ಅದು. ಆ ಆರರಲ್ಲಿ ಒಂದನ್ನು ಎಬ್ಬಿಸಿ ಅದರ ಜಾಗದಲ್ಲಿ ಸಾರಜನಕವನ್ನು ಕೂರಿಸಿದರೆ ಪಿರಿಡಿನ್ ಆಗುತ್ತದೆ. ಸ್ಕಾಟ್ಲೆಂಡಿನ ಥಾಮಸ್ ಆಂಡರ್ಸನ್ 1840ರ ದಶಕದ ಕೊನೆಯಲ್ಲಿ ಎಲುಬುಗಳನ್ನು ಕಾಯಿಸಿ ಇಳಿಸಿದ ಎಣ್ಣೆಯಿಂದ ಇದನ್ನು ಬೇರ್ಪಡಿಸಿದ. ಬೆಂಕಿಗೆ ಗ್ರೀಕರು ಅನ್ನುವ ಪದದಿಂದ ಇದರ ಹೆಸರು ಬಂತು. ಕೆಟ್ಟ ಮೀನಿನಂಥ ವಾಸನೆ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಒಂದು ಪಾಲು ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ಯಾರೂ ಕುಡಿಯಬಾರದೆಂದು ಸ್ಪಿರಿಟ್ಟಿಗೆ ಬೆರೆಸುತ್ತಾ ಬಂದ ವಸ್ತುಗಳಲ್ಲಿ ಪಿರಿಡಿನ್ ಕೂಡ ಒಂದು. ಬಡಿಗರು ಅರಗು ಕರಗಿಸಿ ಪಾಲಿಶ್ ಮಾಡಿಕೊಳ್ಳುವುದು ಇಂಥ ಸ್ಪಿರಿಟ್ಟಿನಲ್ಲೇ. ಇನ್ನೊಂದು ತಮಾಷೆಯೂ ಇದೆ. ಕಬ್ಬಿನ ಕಾಕಂಬಿಯಿಂದ ಆಲ್ಕೋಹಾಲು, ಅದರಿಂದ ಅಸಿಟಾಲ್ಡಿಹೈಡ್, ಅದಕ್ಕೆ ಅಮೋನಿಯ ಮತ್ತು ಫಾರ್ಮಾಲ್ಡಿಹೈಡ್ ಕೂಡಿಸಿದರೆ ಪಿರಿಡಿನ್. ಹೀಗೆ ತಯಾರಿಸುವ ಕಾರ್ಖಾನೆ ನಮ್ಮ ದೇಶದಲ್ಲೇ ಇದೆ. ಅಂದರೆ ಆಲ್ಕೋಹಾಲನ್ನು ಕುಡಿಯದಂತೆ ಕೆಡಿಸುವ ವಸ್ತುವನ್ನು ಆಲ್ಕೋಹಾಲಿನಿಂದಲೇ ಮಾಡಬಹುದು.

ಬರೀ ಪಿರಿಡಿನ್ ಹೊಲಕ್ಕೆ ಬರುವುದು ಅಪರೂಪ. ಬರುವುದೆಲ್ಲ ಅದಕ್ಕೆ ಬಾಲ, ಕೋಡು ಹಚ್ಚಿಕೊಂಡ ಬಂಧುಗಳು. ಕಾಕಾ ಅಂದು ಬೆಳಿಗ್ಗೆ ಹೊಡೆದದ್ದು ಇಮಿಡಾಕ್ಲೋಪ್ರಿಡ್. ಅದರ ಒಂದು ತುದಿಯಲ್ಲಿ ಈ ಉಂಗುರವಿದೆ, ಉಂಗುರಕ್ಕೆ ಒಂದು ಕ್ಲೋರಿನ್ ಅಂಟಿಕೊಂಡಿದೆ. ಗೆದ್ದಲಿಗೆ ಸುರಿಯುವ ಕ್ಲೋರ್‌ಪೈರಿಫಾಸ್‌ನಲ್ಲೂ ಇದೇ ಉಂಗುರ, ಕ್ಲೋರಿನ್ ಮಾತ್ರ ಮೂರು. ಕಳೆ ಸುಡುವ ಪ್ಯಾರಾಕ್ವಾಟ್ ಎಂದರೆ ಎರಡು ಪಿರಿಡಿನ್ ಉಂಗುರಗಳು ಬೆನ್ನಿಗೆ ಬೆನ್ನು ಕೊಟ್ಟು ಕೂಡಿದ್ದು. ನಿಪ್ಪಾಣಿಯ ತಂಬಾಕಿನ ನಿಕೋಟಿನ್‌ನಲ್ಲಿ ಇದೇ ಉಂಗುರ ಇನ್ನೊಂದು ಸಣ್ಣ ಉಂಗುರದ ಜೊತೆ ಕುಳಿತಿದೆ. ಮೆಂತೆಯಲ್ಲಿಯೂ ಇದೆ. ಅಲ್ಲಿ ಅದರ ಹೆಸರು ಟ್ರೈಗೊನೆಲಿನ್. ಮೆಂತೆಯ ಕುಲದ ಹೆಸರು ಟ್ರೈಗೊನೆಲ್ಲಾ ಆದ್ದರಿಂದ ಹಾಗೆ ಕರೆದರು. ಕಾಕಾ ಒಂದು ಕೈಯಲ್ಲಿ ಮುಟ್ಟಿ ಬಂದ ಉಂಗುರವನ್ನೇ ಇನ್ನೊಂದು ಕೈಯಲ್ಲಿ ರೊಟ್ಟಿಯ ಜೊತೆ ತಿನ್ನುತ್ತಿದ್ದರು. ಒಂದು ವಿಷ, ಒಂದು ಪಲ್ಲೆ. ಉಂಗುರದ ತಪ್ಪಲ್ಲ ಅದು. ಅದಕ್ಕೆ ಏನು ತಗುಲಿಕೊಂಡಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಇಷ್ಟೇ ಅಲ್ಲ. ಜೀವವಿರುವ ಪ್ರತಿ ಕೋಶದಲ್ಲೂ ಎನ್‌ಎಡಿ ಎಂಬ ಅಣು ಎಲೆಕ್ಟ್ರಾನುಗಳನ್ನು ಹೊತ್ತು ಓಡಾಡುತ್ತಿರುತ್ತದೆ. ಹೊರುವ ಬೆನ್ನು ಪಿರಿಡಿನ್ ಉಂಗುರವೇ. ಅದನ್ನು ಕಟ್ಟಿಕೊಳ್ಳಲು ನಮ್ಮ ದೇಹಕ್ಕೆ ನಿಕೋಟಿನಿಕ್ ಆಮ್ಲ, ಅಂದರೆ ನಯಾಸಿನ್ ಎಂಬ ಜೀವಸತ್ವ ಬೇಕು. ಅದು ಕಡಿಮೆಯಾದರೆ ಪೆಲ್ಲಾಗ್ರ ಎಂಬ ಕಾಯಿಲೆ: ಬಿಸಿಲು ಬಿದ್ದ ಕಡೆ ಚರ್ಮ ಕಪ್ಪಾಗಿ ಸುಲಿಯುತ್ತದೆ, ಹೊಟ್ಟೆ ಕೆಡುತ್ತದೆ, ಕೊನೆಗೆ ಬುದ್ಧಿಯೂ ಮಂಕಾಗುತ್ತದೆ. ನಿಕೋಟಿನಿಕ್ ಆಮ್ಲವೇ ಇದರ ಮದ್ದು ಎಂಬುದಕ್ಕೆ ದಾರಿ ತೆರೆದದ್ದು 1937ರಲ್ಲಿ ಅಮೆರಿಕದ ಕಾನ್ರಾಡ್ ಎಲ್ವೆಯೆಮ್ ನಾಯಿಗಳ ಮೇಲೆ ಮಾಡಿದ ಪ್ರಯೋಗ. ಮೆಕ್ಕೆಜೋಳ ಉಣ್ಣುವವರ ಕಾಯಿಲೆ ಎಂದು ಹೆಸರಾಗಿದ್ದ ಇದು ದಖ್ಖನಿನ ಬಡ ಜೋಳದ ಮಂದಿಯಲ್ಲೂ ಏಕೆ ಕಾಣಿಸುತ್ತದೆ ಎಂದು ತಲೆಕೆಡಿಸಿಕೊಂಡವರು ಹೈದರಾಬಾದಿನ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ. ಜೋಳದಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲ ಹೆಚ್ಚಿರುವುದೇ ಕಾರಣವಿರಬಹುದು ಎಂದು 1960ರಲ್ಲಿ ಅವರು ಬರೆದರು. ಆ ವಾದದ ಮೇಲೆ ಆಮೇಲೆ ಸಾಕಷ್ಟು ಜಗ್ಗಾಟ ನಡೆಯಿತು, ಅದು ಇಲ್ಲಿ ಬೇಡ. ನನಗೆ ವಿಚಿತ್ರವೆನಿಸುವುದು ಇಷ್ಟು: ಮನುಷ್ಯ ಚಿಟಿಕೆಯಷ್ಟಕ್ಕೂ ಪರದಾಡುವ ಈ ಜೀವಸತ್ವವನ್ನು ಅವನ ಕಾಲ ಕೆಳಗಿನ ಮಣ್ಣಿನ ಬ್ಯಾಕ್ಟೀರಿಯಾಗಳು ಕಟ್ಟಿಗೆಯಂತೆ ಉರಿಸಿಕೊಂಡು ಬದುಕುತ್ತವೆ.

ಉರಿಸುವುದು ಮಾತ್ರ ಸುಲಭದ ಕೆಲಸವಲ್ಲ. ಆರು ಜನ ಅಣ್ಣತಮ್ಮಂದಿರಿಗೆ ಸೇರಿದ ಒಂದೇ ಬಾವಿ ಇದೆಯೆಂದು ಇಟ್ಟುಕೊಳ್ಳಿ. ಆರೂ ಜನ ಒಂದೇ ಅಳತೆಯ ಪಂಪು ಕೂರಿಸಿದ್ದಾರೆ, ಆರೂ ಹೊಲಗಳು ಸಮನಾಗಿ ತೇವವಾಗಿವೆ. ಇದು ಬೆಂಜೀನ್. ನೀರೆಂದರೆ ಎಲೆಕ್ಟ್ರಾನು. ಈಗ ಒಬ್ಬನ ಹೊಲವನ್ನು ಸಾರಜನಕ ಎಂಬ ಆಸಾಮಿ ಕೊಂಡುಕೊಂಡು ದೊಡ್ಡ ಮೋಟಾರು ಕೂರಿಸಿದ. ನೀರೆಲ್ಲ ಅವನ ಕಡೆಗೆ. ಅಕ್ಕಪಕ್ಕದ ಎರಡು ಹೊಲಗಳು ಎಲ್ಲಕ್ಕಿಂತ ಹೆಚ್ಚು ಬಿರಿದವು. ಇದು ಪಿರಿಡಿನ್.

ಬೆಂಜೀನನ್ನು ಒಡೆಯುವ ಬ್ಯಾಕ್ಟೀರಿಯಾಗಳು ಗಾಳಿಯ ಆಮ್ಲಜನಕವನ್ನು ಹಿಡಿದು ಉಂಗುರದ ಮೇಲೆ ಹಾಕುತ್ತವೆ. ಆಮ್ಲಜನಕ ಎಲೆಕ್ಟ್ರಾನಿಗೆ ಹಸಿದದ್ದು, ಹಸಿ ಹೊಲ ಕಂಡಲ್ಲಿ ಬಾಯಿ ಹಾಕುತ್ತದೆ. ಪಿರಿಡಿನಿನ ಒಣ ಹೊಲದಲ್ಲಿ ಅದಕ್ಕೆ ಸಿಗುವುದೇನು? ಬರಿಗೈಯಲ್ಲಿ ವಾಪಸ್ಸು. ಹಾಗಾಗಿ ಈ ಉಂಗುರವನ್ನು ತಿನ್ನುವ ಬ್ಯಾಕ್ಟೀರಿಯಾಗಳಲ್ಲಿ ಬಹಳಷ್ಟು ಉಪಾಯವನ್ನೇ ಬದಲಿಸಿಕೊಂಡಿವೆ. ತೆಗೆದುಕೊಳ್ಳಲು ಬರುವವನನ್ನು ಬಿಟ್ಟು ಕೊಡಲು ಬರುವವನನ್ನು ಕರೆಯುತ್ತವೆ. ಹಾಗೆ ಬರುವುದು ನೀರಿನೊಳಗಿನ ಆಮ್ಲಜನಕ. ಅದರ ಬಳಿ ಎಲೆಕ್ಟ್ರಾನುಗಳ ಜೋಡಿ ಸಿದ್ಧವಾಗಿರುತ್ತದೆ. ಅದು ನೇರವಾಗಿ ಸಾರಜನಕದ ಪಕ್ಕದ ಬಿರಿದ ಹೊಲಕ್ಕೆ ಹೋಗಿ ಕೂರುತ್ತದೆ. ಈ ಕೆಲಸ ಮಾಡಿಸುವ ಕಿಣ್ವದ ನಡುವೆ ಮಾಲಿಬ್ಡಿನಮ್ ಎಂಬ ಲೋಹದ ಒಂದು ಪರಮಾಣು ಇರುತ್ತದೆ. ನಮ್ಮ ಎರೆಮಣ್ಣು ಕ್ಷಾರದ ಕಡೆಗೆ ವಾಲುವುದರಿಂದ, ಸತು, ಕಬ್ಬಿಣಗಳಿಗೆ ಬರ ಬಂದರೂ ಮಾಲಿಬ್ಡಿನಮ್ಮಿಗೆ ಅಷ್ಟು ಬರ ಬರುವುದಿಲ್ಲ. ಕ್ಷಾರ ಹೆಚ್ಚಿದಷ್ಟೂ ಅದು ಸಡಿಲವಾಗಿ ಸಿಗುತ್ತದೆ.

ನಯಾಸಿನ್ ತಿನ್ನುವ ಬ್ಯಾಕ್ಟೀರಿಯಾದ ಹೊಟ್ಟೆಯೊಳಗೆ ನಡೆಯುವುದನ್ನು ಹಂತ ಹಂತವಾಗಿ ಹೇಳಬಹುದು. 1957ರಲ್ಲಿ ಬೆರ್ಮನ್ ಮತ್ತು ಸ್ಟೇನಿಯರ್ ಈ ದಾರಿಯ ಗುರುತುಗಳನ್ನು ಹಿಡಿದರು. ಅದರ ಎಲ್ಲ ಜೀನುಗಳು ಸ್ಯೂಡೊಮೊನಾಸ್ ಪುಟಿಡಾ ಎಂಬ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ ಸಿಕ್ಕದ್ದು 2008ರಲ್ಲಿ. ಮೊದಲು ಮಾಲಿಬ್ಡಿನಮ್ ಕಿಣ್ವ ನೀರಿನ ಆಮ್ಲಜನಕವನ್ನು ಸಾರಜನಕದ ಪಕ್ಕದಲ್ಲಿ ಕೂರಿಸುತ್ತದೆ. ಆಗ ಸಿಗುವುದು 6-ಹೈಡ್ರಾಕ್ಸಿ ನಿಕೋಟಿನಿಕ್ ಆಮ್ಲ. ಈ ಉದ್ದ ಹೆಸರನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಇನ್ನೊಮ್ಮೆ ಭೇಟಿಯಾಗುತ್ತದೆ. ಎರಡನೆಯ ಕಿಣ್ವ ಉಂಗುರದ ಬಾಲವನ್ನು ಕತ್ತರಿಸಿ ಅಲ್ಲಿ ಇನ್ನೊಂದು ಆಮ್ಲಜನಕ ಇಡುತ್ತದೆ. ಎರಡು ಕಡೆಯಿಂದ ಎಲೆಕ್ಟ್ರಾನು ಬಂದು ಸೇರಿದ ಮೇಲೆ ಉಂಗುರ ಮೊದಲಿನಷ್ಟು ಬರಡಲ್ಲ. ಈಗ ಗಾಳಿಯ ಆಮ್ಲಜನಕ ಬಾಯಿ ಹಾಕಬಹುದು. ಕಬ್ಬಿಣವಿರುವ ಮೂರನೆಯ ಕಿಣ್ವ ಅದನ್ನು ಹಿಡಿದು ತಂದು ಉಂಗುರವನ್ನು ಫಟ್ಟನೆ ಬಿಚ್ಚುತ್ತದೆ.

ಬಿಚ್ಚಿದ ಮೇಲೆ ಉಳಿದದ್ದು ಸೌದೆ ಸೀಳಿದಂತೆ. ಒಂದು ಚೂರು ಫಾರ್ಮಿಕ್ ಆಮ್ಲ, ಒಂದು ಅಮೋನಿಯ, ಉಳಿದ ನಾಲ್ಕು ಇಂಗಾಲಗಳ ತುಂಡು ಮಲೇಯಿಕ್ ಆಮ್ಲವಾಗಿ, ಮೈ ತಿರುಗಿಸಿ ಫ್ಯೂಮಾರಿಕ್ ಆಮ್ಲವಾಗುತ್ತದೆ. ಫ್ಯೂಮಾರಿಕ್ ಆಮ್ಲ ನಮ್ಮ ನಿಮ್ಮ ಕೋಶಗಳಲ್ಲೂ ತಿರುಗುತ್ತಾ ಊಟದಿಂದ ಶಕ್ತಿ ತೆಗೆಯುವ ಕ್ರೆಬ್ಸ್ ಚಕ್ರದ ಒಂದು ಅರ. ಅಲ್ಲಿಂದ ಅದು ಇಂಗಾಲದ ಡೈಆಕ್ಸೈಡ್ ಆಗಿ ಹೊರಬೀಳುತ್ತದೆ ಅಥವಾ ಬ್ಯಾಕ್ಟೀರಿಯಾದ ಮೈಯಾಗುತ್ತದೆ. ಅಮೋನಿಯದ ಲೆಕ್ಕ ಇನ್ನೂ ಚೆನ್ನ. ಬ್ಯಾಕ್ಟೀರಿಯಾದ ಮೈಯಲ್ಲಿ ಹೆಚ್ಚು ಕಡಿಮೆ ಐದು ಇಂಗಾಲಕ್ಕೆ ಒಂದು ಸಾರಜನಕ. ಪಿರಿಡಿನಿನಲ್ಲೂ ಐದಕ್ಕೆ ಒಂದು. ಆದರೆ ತಿಂದ ಇಂಗಾಲದಲ್ಲಿ ಅರ್ಧದಷ್ಟು ಶಕ್ತಿಗಾಗಿ ಸುಟ್ಟುಹೋಗುತ್ತದೆ. ಹಾಗಾಗಿ ಸಾರಜನಕ ಮಿಕ್ಕುತ್ತದೆ, ಮಿಕ್ಕದ್ದನ್ನು ಅದು ಅಮೋನಿಯವಾಗಿ ಉಗುಳುತ್ತದೆ, ಪಕ್ಕದಲ್ಲಿರುವ ಬೇರು ಎತ್ತಿಕೊಳ್ಳುತ್ತದೆ. ಯೂರಿಯಾ ಚೀಲ ಉಳಿಸುವಷ್ಟಲ್ಲ. ಆದರೂ ವಿಷದ ಉಂಗುರ ಬೆಳೆಗೆ ತುತ್ತಾಗುವುದು ಇಲ್ಲಿಯೇ.

ಎಲ್ಲರೂ ಇದೇ ದಾರಿ ಹಿಡಿಯುವುದಿಲ್ಲ. ಬಾಲವಿಲ್ಲದ ಬರೀ ಪಿರಿಡಿನನ್ನು ತಿನ್ನುವ ಒಂದು ಬ್ಯಾಸಿಲಸ್ ಮತ್ತು ಒಂದು ನೊಕಾರ್ಡಿಯಾ ಬ್ಯಾಕ್ಟೀರಿಯಾವನ್ನು ವಾಟ್ಸನ್ ಮತ್ತು ಕೇನ್ 1975ರಲ್ಲಿ ವಿವರಿಸಿದರು. ಅವುಗಳ ದಾರಿಯಲ್ಲಿ ಹೈಡ್ರಾಕ್ಸಿ ಮೆಟ್ಟಿಲೇ ಕಾಣಲಿಲ್ಲ. ಒಂದು ಉಂಗುರವನ್ನು ಒಂದು ಕಡೆ ಮುರಿದರೆ ಇನ್ನೊಂದು ಬೇರೆ ಕಡೆ ಮುರಿಯಿತು. ಒಂದೇ ಊಟಕ್ಕೆ ಮನೆಗೊಂದು ಪದ್ಧತಿ ಇದ್ದ ಹಾಗೆ.

ಇಂಥ ಬ್ಯಾಕ್ಟೀರಿಯಾಗಳನ್ನು ಹುಡುಕುವ ವಿಧಾನ ಬಹಳ ಸರಳ, ಸ್ವಲ್ಪ ಕ್ರೂರ. ಒಂದು ಗ್ರಾಂ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ. ಬೇಕಾದದ್ದನ್ನು ಆರಿಸುವುದು ಹೇಗೆ? ಆರಿಸುವುದೇ ಬೇಡ, ಉಪವಾಸ ಕೆಡವಿದರೆ ಸಾಕು. ನೀರಿಗೆ ರಂಜಕ, ಮೆಗ್ನೀಸಿಯಂ, ಕಬ್ಬಿಣದಂಥ ಲವಣಗಳನ್ನು ಹಾಕಿ, ಸಕ್ಕರೆ ಹಾಕದೆ, ತಿನ್ನಲು ಪಿರಿಡಿನ್ ಒಂದನ್ನೇ ಇಟ್ಟು, ಚಿಟಿಕೆ ಮಣ್ಣು ಬಿಟ್ಟು ಕುಲುಕುತ್ತಾ ಇಡುವುದು. ತಿನ್ನಬಲ್ಲವು ಹೆಚ್ಚುತ್ತವೆ, ಉಳಿದವು ಸೊರಗುತ್ತವೆ. ಕೆಲವು ದಿನಗಳಲ್ಲಿ ತಿಳಿ ನೀರು ಮಜ್ಜಿಗೆ ನೀರಿನಂತೆ ಮಬ್ಬಾದರೆ ಯಾರೋ ಉಣ್ಣಲು ಕುಳಿತಿದ್ದಾರೆ ಎಂದರ್ಥ. ಅದರ ಒಂದು ಹನಿ ಹೊಸ ಬಾಟಲಿಗೆ, ಅದರಿಂದ ಮತ್ತೊಂದಕ್ಕೆ. ಡಚ್ ವಿಜ್ಞಾನಿ ಬೈಯರಿಂಕ್ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ರೂಢಿಗೆ ತಂದ ಉಪಾಯವಿದು. ಪಿರಿಡಿನ್ ನಿಜವಾಗಿ ಕರಗಿತೋ ಇಲ್ಲವೋ ನೋಡಲು ನೇರಳಾತೀತ ಬೆಳಕು ಹಾಯಿಸುತ್ತಾರೆ. ಉಂಗುರವಿದ್ದಷ್ಟೂ 250 ನ್ಯಾನೋಮೀಟರಿನ ಆಸುಪಾಸಿನ ಬೆಳಕನ್ನು ಅದು ನುಂಗುತ್ತದೆ. ಉಂಗುರ ಒಡೆದರೆ ಬೆಳಕು ಆಚೆಗೆ ದಾಟುತ್ತದೆ.

ಪಿರಿಡಿನಿಗೆ ಬದಲು ನಿಕೋಟಿನ್ ಇಟ್ಟರೆ ಕಣ್ಣಿಗೇ ಹಬ್ಬ. ನಿಪ್ಪಾಣಿಯ ವಖಾರಿಗಳ ಮುಂದೆ ಹಾದುಹೋದವರಿಗೆ ಜರ್ದಾದ ಘಾಟು ಗೊತ್ತು; ಗಂಟಲಿನೊಳಗೆ ಇಳಿದು ಕೆಮ್ಮಿಸಿಯೇ ಬಿಡುತ್ತದೆ. ತಂಬಾಕಿನ ಗಿಡ ಕೀಟಗಳನ್ನು ದೂರವಿಡಲು ನಿಕೋಟಿನನ್ನು ತಯಾರಿಸುತ್ತದೆ. ಒದ್ದೆ ಎಲೆ ಕಟಾವು ಮಾಡುವವರಿಗೆ ಚರ್ಮದ ಮೂಲಕವೇ ಅದು ಏರಿ ತಲೆಸುತ್ತು, ವಾಂತಿ ಆಗುವುದುಂಟು. ಇಷ್ಟು ಖಾರದ ವಿಷ ಬಿದ್ದ ಎಲೆಗಳಿಂದ, ದಂಟುಗಳಿಂದ ವರ್ಷ ವರ್ಷ ಮಣ್ಣಿಗೆ ಇಳಿಯುತ್ತದೆ. ಆದರೂ ತಂಬಾಕಿನ ಹೊಲ ಸತ್ತುಹೋಗಿಲ್ಲ, ಏಕೆಂದರೆ ಅಲ್ಲಿ ಅದನ್ನು ಉಣ್ಣುವವರಿದ್ದಾರೆ. ಅವರಲ್ಲಿ ಹೆಸರಾದದ್ದು ಆರ್ತ್ರೋಬ್ಯಾಕ್ಟರ್ ನಿಕೋಟಿನೊವೊರಾನ್ಸ್. ಹೆಸರಿನ ಅರ್ಥವೇ ನಿಕೋಟಿನ್ ನುಂಗುವುದು ಎಂದು. ಈಚೆಗೆ ಅದರ ಕುಲವನ್ನು ಪೀನಾರ್ತ್ರೋಬ್ಯಾಕ್ಟರ್ ಎಂದು ಬದಲಿಸಿದ್ದಾರೆ. ಇದೂ ಮಾಲಿಬ್ಡಿನಮ್ಮಿನಿಂದಲೇ ಶುರು ಮಾಡುತ್ತದೆ, ಮೊದಲ ಆಮ್ಲಜನಕವನ್ನು ಸಾರಜನಕದ ಪಕ್ಕದಲ್ಲೇ ಇಡುತ್ತದೆ. ಮೂರು ಆಮ್ಲಜನಕಗಳು ಉಂಗುರದ ಮೇಲೆ ಕೂತ ಹೊತ್ತಿಗೆ ಒಂದಷ್ಟು ಕೋಶದ ಹೊರಗೆ ಸೋರಿ, ಗಾಳಿ ತಾಕಿ, ಎರಡೆರಡು ಜೋಡಿಯಾಗಿ ನೀಲಿಯಾಗುತ್ತದೆ. ಮಬ್ಬು ನೀರು ನೋಡ ನೋಡುತ್ತಿದ್ದಂತೆ ಮಸಿ ಕುಡಿಕೆಯ ಬಣ್ಣಕ್ಕೆ ತಿರುಗುತ್ತದೆ. ಅದಕ್ಕೆ 'ನಿಕೋಟಿನ್ ನೀಲಿ' ಎಂದೇ ಹೆಸರು. ಬಟ್ಟೆಗೆ ಹಾಕುವ ನೀಲಿಯಲ್ಲ, ತಂಬಾಕಿನ ವಿಷ ಮುರಿದ ನೀಲಿ.

ಈ ಕಲೆಯ ಜೀನುಗಳು ಬ್ಯಾಕ್ಟೀರಿಯಾದ ಮುಖ್ಯ ವರ್ಣತಂತುವಿನಲ್ಲಿಲ್ಲ. ಸುಮಾರು 1,65,000 ಅಕ್ಷರಗಳ ಒಂದು ಬಿಡಿ ಡಿಎನ್‌ಎ ಉಂಗುರದಲ್ಲಿ, ಪ್ಲಾಸ್ಮಿಡ್ಡಿನಲ್ಲಿ ಇವೆ. 2003ರಲ್ಲಿ ಅದನ್ನು ಪೂರ್ತಿ ಓದಿ ಪ್ರಕಟಿಸಿದರು. ಪ್ಲಾಸ್ಮಿಡ್ ಎಂದರೆ ಕೈಬದಲಾಯಿಸಬಹುದಾದ ಗಂಟು: ಒಂದು ಬ್ಯಾಕ್ಟೀರಿಯಾ ಕಲಿತದ್ದನ್ನು ನೆರೆಯದಕ್ಕೆ ದಾಟಿಸಲು ಸಂತಾನವೇ ಆಗಬೇಕೆಂದಿಲ್ಲ. ಹಳ್ಳಿಯಲ್ಲಿ ಒಬ್ಬರು ಹನಿ ನೀರಾವರಿ ಕೂರಿಸಿದರೆ ಎರಡು ವರ್ಷದಲ್ಲಿ ಸಾಲು ಹೊಲಗಳಿಗೆಲ್ಲ ಪೈಪು ಬರುವುದಿಲ್ಲವೇ, ಹಾಗೆ.

ಈಗ ಮೆಂತೆಗೆ ಬರೋಣ. ಕಾಕಾನ ಮಡಿಯಿಂದ ಒಂದು ಗಿಡವನ್ನು ಬೇರು ಹರಿಯದಂತೆ ಕಿತ್ತು, ಮಣ್ಣು ತೊಳೆದು ನೋಡಿದೆವು. ದಾರದಂಥ ಬೇರಿನ ಮೇಲೆ ಸಾಸಿವೆಗಿಂತ ಸ್ವಲ್ಪ ದಪ್ಪನೆಯ, ಉದ್ದುದ್ದ ಗಂಟುಗಳು. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ಗುಲಾಬಿ ಬಣ್ಣ, ನೆತ್ತರಿನ ಹಿಮೋಗ್ಲೋಬಿನ್ನಿನ ತಮ್ಮನಂಥ ಒಂದು ಪ್ರೋಟೀನಿನದು. ಒಳಗಿರುವ ಬ್ಯಾಕ್ಟೀರಿಯಾ ಸೈನೋರೈಜೋಬಿಯಂ ಮೆಲಿಲೋಟಿ. ಗಾಳಿಯ ಸಾರಜನಕವನ್ನು ಗೊಬ್ಬರ ಮಾಡಿಕೊಡುವುದು ಅದರ ಕೆಲಸ ಎಂದು ಶಾಲೆಯಲ್ಲಿ ಓದಿರುತ್ತೇವೆ. ಶಾಲೆಯಲ್ಲಿ ಹೇಳದ್ದು ಇದು: ಈ ಬ್ಯಾಕ್ಟೀರಿಯಾದಲ್ಲಿ ಟ್ರೈಗೊನೆಲಿನ್ ಒಡೆಯುವ ಜೀನುಗಳಿವೆ, ಅವು ಗಂಟು ಕಟ್ಟಿಸುವ ಜೀನುಗಳಿರುವ ದೊಡ್ಡ ಪ್ಲಾಸ್ಮಿಡ್ಡಿನಲ್ಲೇ ಇವೆ, ಮತ್ತು ಗಂಟಿನೊಳಗೆ ಚುರುಕಾಗಿರುತ್ತವೆ. 1990ರಲ್ಲೇ ಇದು ಪ್ರಕಟವಾಗಿದೆ. ಅಂದರೆ ಮೆಂತೆ ತನ್ನ ಬಾಡಿಗೆದಾರನಿಗೆ ಪಿರಿಡಿನ್ ಉಂಗುರವನ್ನೇ ಬಡಿಸುತ್ತದೆ. ಕಾಕಾನಿಗೆ ನಾನು ಅರ್ಧ ಉತ್ತರ ಎಂದದ್ದು ಇದನ್ನೇ. ಕಾರ್ಖಾನೆಗಳು ಈ ಉಂಗುರವನ್ನು ಡಬ್ಬಿಗೆ ತುಂಬುವ ಮೊದಲೇ, ಮನುಷ್ಯ ನೇಗಿಲು ಹಿಡಿಯುವ ಮೊದಲೇ, ಕೊಳೆತ ಎಲೆಗಳ ಎನ್‌ಎಡಿಯಿಂದ, ಗಿಡಗಳ ಇಂಥ ರಸಗಳಿಂದ ಮಣ್ಣಿಗೆ ಈ ರುಚಿ ಹತ್ತಿತ್ತು. ಡಬ್ಬಿಯ ಉಂಗುರ ಹಳೆಯ ಅಡುಗೆಯನ್ನು ಹೋಲುವಷ್ಟರ ಮಟ್ಟಿಗೆ ಮಣ್ಣು ಅದನ್ನು ತಿನ್ನುತ್ತದೆ.

ಹಳೆಯ ಅಡುಗೆ ಎಲ್ಲ ಹೊಟ್ಟೆಗೂ ಒಗ್ಗುವುದಿಲ್ಲ. ಬದುವಿನ ಸುಬಾಬುಲ್ ಸೊಪ್ಪನ್ನು ಹೆಚ್ಚು ತಿಂದ ದನಗಳ ಕೂದಲು ಉದುರುತ್ತದೆ. ಅದರಲ್ಲಿರುವ ಮಿಮೊಸಿನ್ ಕೂಡ ಈ ಉಂಗುರದ ಬಂಧುವೇ. ಮೆಲುಕು ಚೀಲದಲ್ಲಿ ಅರ್ಧ ಮುರಿದು ಡೈಹೈಡ್ರಾಕ್ಸಿ ಪಿರಿಡಿನ್ ಆಗಿ ಥೈರಾಯ್ಡ್ ಕೆಡಿಸುತ್ತದೆ. ಆಸ್ಟ್ರೇಲಿಯಾದ ರೇಮಂಡ್ ಜೋನ್ಸ್ ಎಂಬ ವಿಜ್ಞಾನಿ, ಹವಾಯಿಯ ಆಡುಗಳು ಇದೇ ಸೊಪ್ಪನ್ನು ತಿಂದು ಆರಾಮಾಗಿರುವುದನ್ನು ಗಮನಿಸಿ, 1980ರ ದಶಕದಲ್ಲಿ ಅವುಗಳ ಮೆಲುಕು ಚೀಲದ ಬ್ಯಾಕ್ಟೀರಿಯಾಗಳನ್ನು ತಮ್ಮ ದೇಶದ ದನಗಳಿಗೆ ಕೊಟ್ಟರು. ದನಗಳು ಚೇತರಿಸಿಕೊಂಡವು. ಆ ಬ್ಯಾಕ್ಟೀರಿಯಾಕ್ಕೆ 1992ರಲ್ಲಿ ಸಿನರ್ಜಿಸ್ಟಿಸ್ ಜೋನ್ಸಿಯೈ ಎಂದು ಅವರ ಹೆಸರನ್ನೇ ಇಟ್ಟರು. ಮಣ್ಣಿನ ಕಥೆಯಲ್ಲ ನಿಜ, ಆದರೆ ಕುರಿ ದನ ಸಾಕುವವರ ಊರಿನಲ್ಲಿ ಇದನ್ನು ಹೇಳದೆ ಬಿಡಲು ಮನಸ್ಸಾಗಲಿಲ್ಲ.

ಇಮಿಡಾಕ್ಲೋಪ್ರಿಡ್ ಹಳೆಯ ಅಡುಗೆಗೆ ಹತ್ತಿರದ್ದು. ತಂಬಾಕು ನೆನೆಸಿದ ಕಷಾಯವನ್ನು ಬೆಳೆಯ ಹೇನಿಗೆ ಹೊಡೆಯುವುದು ನಮ್ಮ ಹಿರಿಯರಿಗೆ ಗೊತ್ತಿತ್ತು. ನಿಕೋಟಿನ್ ಕೀಟದ ನರದಲ್ಲಿ ಎಲ್ಲಿ ಹೋಗಿ ಕೂರುತ್ತದೆಯೋ ಅಲ್ಲೇ ಇನ್ನೂ ಗಟ್ಟಿಯಾಗಿ ಕೂರುವ ಅಣುವನ್ನು ಜಪಾನಿನ ಶಿಂಜೊ ಕಾಗಾಬು ಮತ್ತು ಸಂಗಡಿಗರು 1985ರಲ್ಲಿ ತಯಾರಿಸಿದರು. 1991ರಲ್ಲಿ ಮಾರುಕಟ್ಟೆಗೆ ಬಂತು. ಇಂಥವನ್ನು ನಿಯೋನಿಕೋಟಿನಾಯ್ಡ್, ಅಂದರೆ ಹೊಸ ನಿಕೋಟಿನ್ ಬಳಗ ಎನ್ನುತ್ತಾರೆ. ಅದೇ ಬಳಗದ ಥಯಾಮೆಥಾಕ್ಸಾಮ್‌ನಲ್ಲಿ ಪಿರಿಡಿನ್ ಉಂಗುರ ಇಲ್ಲ, ಬೇರೆ ಉಂಗುರ ಇದೆ. ಆದ್ದರಿಂದ ಇಲ್ಲಿ ಹೇಳುವುದು ಅದಕ್ಕೆ ಹೊಂದುವುದಿಲ್ಲ. ಮಣ್ಣಿಗೆ ಬಿದ್ದ ಇಮಿಡಾಕ್ಲೋಪ್ರಿಡ್ ತಿಂಗಳುಗಟ್ಟಲೆ, ಕೆಲವು ಕಡೆ ವರ್ಷ ಮೀರಿಯೂ ಇರುತ್ತದೆ. ನಿಧಾನವಾಗಿ ಅದರ ಇನ್ನೊಂದು ತುದಿ ಕಳಚಿ, ಕೊನೆಗೆ ಉಳಿಯುವ ತುಂಡುಗಳಲ್ಲಿ ಒಂದು 6-ಕ್ಲೋರೋ ನಿಕೋಟಿನಿಕ್ ಆಮ್ಲ. ಹೆಸರನ್ನು ಗಮನಿಸಿ. ನಯಾಸಿನ್ನಿನ ಆರನೆಯ ಸ್ಥಾನದಲ್ಲಿ, ಸಾರಜನಕದ ಪಕ್ಕದಲ್ಲಿ, ಒಂದು ಕ್ಲೋರಿನ್. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇದನ್ನು ಪೂರ್ತಿ ತಿನ್ನುವ ಬ್ಯಾಕ್ಟೀರಿಯಾ ಸಿಕ್ಕಿತು. ಅದು ಮಾಡಿದ್ದು ಒಂದೇ ಕೆಲಸ: ಕ್ಲೋರಿನ್ನನ್ನು ಎಬ್ಬಿಸಿ ನೀರಿನ ಆಮ್ಲಜನಕವನ್ನು ಕೂರಿಸಿತು. ಆಗ ಆಗುವುದೇನು? 6-ಹೈಡ್ರಾಕ್ಸಿ ನಿಕೋಟಿನಿಕ್ ಆಮ್ಲ. ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ, ಅದೇ. ಅಲ್ಲಿಂದ ಮುಂದೆ ಜೀವಸತ್ವದ ಹಳೆಯ ಬಂಡಿದಾರಿ. ಆ ಬ್ಯಾಕ್ಟೀರಿಯಾ ಶೇಂಗಾ, ತೊಗರಿ ಬೇರಿನಲ್ಲಿ ಗಂಟು ಕಟ್ಟುವ ಬ್ರಾಡಿರೈಜೋಬಿಯಂನ ಮನೆತನದ್ದು.

ಕ್ಲೋರ್‌ಪೈರಿಫಾಸ್‌ನಲ್ಲಿ ಇಷ್ಟು ಸಲೀಸಿಲ್ಲ. ಕ್ಷಾರದ ಮಣ್ಣಿನಲ್ಲಿ ಅದು ಬೇಗ ಎರಡು ತುಂಡಾಗುತ್ತದೆ, ನಮ್ಮ ಎರೆಭೂಮಿಗೆ ಅದೊಂದು ಅನುಕೂಲ. ಆದರೆ ಉಂಗುರವಿರುವ ತುಂಡು, ಟ್ರೈಕ್ಲೋರೋ ಪಿರಿಡಿನಾಲ್, ಮೂರು ಕ್ಲೋರಿನ್ ಹೊತ್ತಿರುತ್ತದೆ, ಮತ್ತು ಅದು ಬ್ಯಾಕ್ಟೀರಿಯಾಗಳಿಗೇ ವಿಷ. ಊಟ ಬಡಿಸಿದ ತಟ್ಟೆಯೇ ಉಣ್ಣುವವನನ್ನು ಹೊಡೆದಂತೆ. ನೀರಿನಲ್ಲಿ ಅಸಲು ಔಷಧಕ್ಕಿಂತ ಚೆನ್ನಾಗಿ ಕರಗುವುದರಿಂದ ಕೆಳಗೆ ಇಳಿಯುವುದೂ ಹೆಚ್ಚು. ಇದನ್ನೂ ಪೂರ್ತಿ ಒಡೆಯುವ ಸ್ಯೂಡೊಮೊನಾಸ್ ಸಿಕ್ಕಿದೆ, ಇಲ್ಲವೆಂದಲ್ಲ. ಎಲ್ಲ ಹೊಲದಲ್ಲೂ ಅದು ಕಾದು ಕುಳಿತಿರುತ್ತದೆ ಎನ್ನಲಾಗದು. ಜಗತ್ತಿನ ಮಟ್ಟದಲ್ಲಿ ಕೈಬಿಡಬೇಕಾದ ರಾಸಾಯನಿಕಗಳ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ, ಕೆಲವು ವಿನಾಯಿತಿಗಳೊಂದಿಗೆ, 2025ರಲ್ಲಿ ಕ್ಲೋರ್‌ಪೈರಿಫಾಸ್ ಸೇರಿತು.

ಪ್ಯಾರಾಕ್ವಾಟಿನ ಕಥೆಯೇ ಬೇರೆ. ಅದರ ಎರಡೂ ಸಾರಜನಕಗಳು ಧನ ವಿದ್ಯುದಂಶ ಹೊತ್ತಿವೆ. ಎರೆಮಣ್ಣಿನ ಜೇಡಿ ಋಣ ವಿದ್ಯುದಂಶದ್ದು, ಪುಸ್ತಕದ ಹಾಳೆಗಳಂತೆ ಪದರ ಪದರ. ಒದ್ದೆಯಾದಾಗ ಹಾಳೆ ಅಗಲುತ್ತವೆ, ಒಣಗಿದಾಗ ಮುಚ್ಚುತ್ತವೆ. ನೆಲ ಉಬ್ಬುವುದು, ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರಿಯುವುದು ಇದರಿಂದಲೇ. ಚಪ್ಪಟೆಯಾದ ಪ್ಯಾರಾಕ್ವಾಟ್ ಆ ಹಾಳೆಗಳ ನಡುವೆ ಜಾರಿ ಅಂಟಿ ಕೂರುತ್ತದೆ. ಹಾಳೆಗಳ ಸಂದು ಸುಮಾರು ಒಂದು ನ್ಯಾನೋಮೀಟರ್, ಬ್ಯಾಕ್ಟೀರಿಯಾ ಅದರ ಸಾವಿರ ಪಟ್ಟು ದಪ್ಪ. ಪ್ರಯೋಗಾಲಯದ ನೀರಿನಲ್ಲಿ ಪ್ಯಾರಾಕ್ವಾಟನ್ನು ಒಡೆಯುವ ಲೈಪೊಮೈಸಿಸ್ ಎಂಬ ಯೀಸ್ಟ್ ಕೂಡ ಇದೆ. ತಿನ್ನುವ ಬಾಯಿ ಇದೆ, ತಿನಿಸೂ ಇದೆ, ನಡುವೆ ಬಾಗಿಲು ಮುಚ್ಚಿದೆ. ಹಾಗಾಗಿ ಅದು ವರ್ಷಗಟ್ಟಲೆ ಮಣ್ಣಿನಲ್ಲೇ ಕುಳಿತಿರುತ್ತದೆ. ಅಂಟಿಕೊಂಡಿರುವವರೆಗೆ ಬೆಳೆಗೆ ತೊಂದರೆ ಕೊಡುವುದಿಲ್ಲ ಎಂಬುದು ಮಾರುವವರ ಸಮಾಧಾನ, ಅದು ಸುಳ್ಳೂ ಅಲ್ಲ. ಡಬ್ಬಿಯಲ್ಲಿರುವಾಗ ಒಂದು ಗುಟುಕಿಗೂ ಮದ್ದಿಲ್ಲದ ವಿಷ ಅದು ಎಂಬುದನ್ನು ಇದರ ಜೊತೆಗೇ ಹೇಳಬೇಕು.

ಇನ್ನು ನಮ್ಮ ಹವೆ. ವಿಜಯಪುರದ ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು, ಅದೂ ಕೆಲವೇ ತಿಂಗಳಲ್ಲಿ. 'ಡೋಣಿ ಬೆಳೆದರೆ ಓಣಿಯೆಲ್ಲಾ ಕಾಳು' ಎನ್ನುವ ಡೋಣಿ ಹೊಳೆಯ ಎರೆ ಬಯಲು ಕೂಡ ಮಾರ್ಚಿನ ಹೊತ್ತಿಗೆ ಕಲ್ಲಾಗಿರುತ್ತದೆ. ಮಣ್ಣಿನ ಕಣದ ಸುತ್ತ ನೀರಿನ ತೆಳು ಪೊರೆ ಇದ್ದರೆ ಮಾತ್ರ ಬ್ಯಾಕ್ಟೀರಿಯಾ ಕೆಲಸ ಮಾಡುತ್ತದೆ. ಇಲ್ಲವಾದರೆ ಮುದುಡಿ ಮಲಗುತ್ತದೆ. ಆದ್ದರಿಂದ ಹನಿ ನೀರಾವರಿಯ ದ್ರಾಕ್ಷಿ ಬುಡದಲ್ಲಿ ಕರಗುವ ಔಷಧ ಪಕ್ಕದ ಒಣ ಸಾಲಿನಲ್ಲಿ ಹಾಗೇ ಉಳಿದಿರಬಹುದು. ಬಿರುಕು ಬಿಟ್ಟ ನೆಲದ ಮೇಲೆ ಮೊದಲ ದೊಡ್ಡ ಮಳೆ ಬಿದ್ದರೆ ಇನ್ನೊಂದು ಗಂಡಾಂತರ. ನೀರು ಸಂದಿಯಲ್ಲಿ ಧುಮುಕಿ, ಔಷಧವನ್ನೂ ಎಳೆದುಕೊಂಡು, ಬ್ಯಾಕ್ಟೀರಿಯಾ ದಟ್ಟವಾಗಿರುವ ಮೇಲಿನ ಒಂದು ಗೇಣು ಮಣ್ಣನ್ನು ದಾಟಿ ಕೆಳಗೆ ಹೋಗಿಬಿಡುತ್ತದೆ.

ಹಾಗಾದರೆ ಇಂಥ ಬ್ಯಾಕ್ಟೀರಿಯಾಗಳನ್ನೇ ಬಾಟಲಿಯಲ್ಲಿ ತಂದು ಹೊಲಕ್ಕೆ ಸುರಿದರೆ? ಕಾಕಾ ಕೇಳಿಯೇ ಕೇಳಿದರು. ನನಗೆ ಆ ಬಾಟಲಿಗಳ ಮೇಲೆ ನಂಬಿಕೆ ಕಡಿಮೆ. ಬಾಟಲಿಯಲ್ಲಿ ಕೊಬ್ಬಿ ಬೆಳೆದ ಬ್ಯಾಕ್ಟೀರಿಯಾ, ಕೋಟಿಗಟ್ಟಲೆ ಹಳೆಯ ನಿವಾಸಿಗಳಿರುವ ಮಣ್ಣಿಗೆ ಬಿದ್ದಾಗ ಹೆಚ್ಚಿನ ಸಲ ಕೆಲವೇ ವಾರದಲ್ಲಿ ಸೋತು ಕಾಣೆಯಾಗುತ್ತದೆ. ಅದಕ್ಕಿಂತ ಹೊಲದಲ್ಲೇ ಹುಟ್ಟಿ ಬೆಳೆದವನ್ನು ಸಾಕುವುದು ಮೇಲು. ಸ್ವೀಡನ್ನಿನಲ್ಲಿ 1990ರ ದಶಕದಿಂದ ರೈತರು ಪಂಪಿಗೆ ಔಷಧ ಕಲಸುವ ಜಾಗದಲ್ಲಿ ಒಂದು ಗುಂಡಿ ತೋಡಿ, ಎರಡು ಪಾಲು ಒಣಹುಲ್ಲು, ಒಂದು ಪಾಲು ಪೀಟ್ (ಜೌಗಿನಲ್ಲಿ ಅರೆಕೊಳೆತ ಗಿಡಗಳ ಕಸ), ಒಂದು ಪಾಲು ಹೊಲದ ಮಣ್ಣು ತುಂಬಿ ಮೇಲೆ ಹುಲ್ಲು ಬೆಳೆಸುತ್ತಾರೆ. ಚೆಲ್ಲಿದ ಹನಿ, ಪಂಪು ತೊಳೆದ ನೀರು ಎಲ್ಲ ಅದರೊಳಗೆ. ತಿನಿಸು ಅಲ್ಲೇ ಮತ್ತೆ ಮತ್ತೆ ಬೀಳುವುದರಿಂದ ತಿನ್ನುವವರೂ ಅಲ್ಲೇ ಹೆಚ್ಚುತ್ತಾರೆ.

ಊಟ ಮುಗಿಸಿ ಕಾಕಾ ನನ್ನನ್ನು ಪಂಪಿನ ಮನೆಯ ಹಿಂದಕ್ಕೆ ಕರೆದೊಯ್ದರು. ತೊಟ್ಟಿಯ ಪಕ್ಕ, ಇಪ್ಪತ್ತು ವರ್ಷ ಎಣ್ಣೆ ಕಲಸಿದ ಜಾಗ. ಸುತ್ತಲಿನ ಹುಲ್ಲಿನ ನಡುವೆ ಒಂದು ಬಂಡಿಗಾಲಿಯಷ್ಟು ಬೋಳು ನೆಲ. "ನಿನ್ನ ಬ್ಯಾಕ್ಟೀರಿಯಾಗಳು ಇಲ್ಲಿರಬೇಕಲ್ಲ?" ಎಂದರು. ಇರಬಹುದು, ಅವು ತಿನ್ನುವುದಕ್ಕಿಂತ ಹೆಚ್ಚು ಚೆಲ್ಲಿದೆ ಅಷ್ಟೇ ಎಂದೆ. ಒಂದು ಮುಷ್ಟಿ ಮಣ್ಣನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿಕೊಂಡೆ, ಕಾಲೇಜಿನಲ್ಲಿ ಉಪವಾಸ ಕೆಡವಿ ನೋಡೋಣವೆಂದು.

ಗೂಡಿನಲ್ಲಿ ಡಬ್ಬಿಗಳ ಸಾಲು. ಚಷ್ಮಾ ಮನೆಯಲ್ಲಿ ಬಿಟ್ಟು ಬಂದಿದ್ದ ಕಾಕಾ, "ಯಾವ್ಯಾವುದರಲ್ಲಿ ನಿನ್ನ ಉಂಗುರ ಇದೆ, ಓದಿ ಹೇಳು" ಎಂದರು. ಒಂದರಲ್ಲಿ ಇಮಿಡಾಕ್ಲೋಪ್ರಿಡ್. ಇನ್ನೊಂದರಲ್ಲಿ ಕ್ಲೋರ್‌ಪೈರಿಫಾಸ್. ಮೂರನೆಯದು ಗಂಧಕದ ಪುಡಿ, ಅದರಲ್ಲಿ ಉಂಗುರವಿಲ್ಲ. ನಾಲ್ಕನೆಯ ಡಬ್ಬಿಯ ಚೀಟಿ ನೆನೆದು ಉದುರಿಹೋಗಿತ್ತು. ಕುಲುಕಿದರೆ ತಳದಲ್ಲಿ ಒಂದಿಷ್ಟು ಅಲುಗಾಡಿತು.

"ಇದು ಯಾವುದು ಕಾಕಾ?"

"ಅದು ನಮ್ಮ ಅಣ್ಣ ಇದ್ದಾಗಿನದು" ಎಂದರು ಕಾಕಾ. "ಹೆಸರು ನನಗೂ ನೆನಪಿಲ್ಲ."